ರಸ್ಟ್ ಸೇಫ್ ಅಂತಾರೆ, ಅದರ ಲೈಬ್ರರಿಲೇ ಬಗ್ ಹೆಂಗೆ?

ಪ್ರಶ್ನೆ: ಸಾರ್, ಮೆಮೊರಿ ತೊಂದ್ರೆ ಬರಲ್ಲ ಅಂತ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡ್ದೆ, ಈಗ ನೋಡಿದ್ರೆ ಅದರ ಜೊತೆಗೇ ಬರೋ ಸ್ಟ್ಯಾಂಡರ್ಡ್ ಲೈಬ್ರರಿಲೇ ಅಂಥ ಬಗ್ ಸಿಕ್ಕಿತ್ತಂತೆ. ಹೆಂಗೆ ಸಾಧ್ಯ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ಸಾಧ್ಯ ಕಣಮ್ಮ. ನಾವು ಬರೆಯೋ ಮಾಮೂಲಿ ಕೋಡನ್ನ ಕಂಪೈಲರ್ (ಕೋಡನ್ನ ಪ್ರೋಗ್ರಾಂ ಮಾಡೋ ಟೂಲ್) ಪರೀಕ್ಷೆ ಮಾಡಿ ಕಾಪಾಡುತ್ತೆ, ಆದ್ರೆ ವೆಕ್ಟರ್ (ಪಟ್ಟಿ), ಸ್ಟ್ರಿಂಗ್ (ಅಕ್ಷರಗಳ ಸಾಲು) ಇವುಗಳ ಒಳಗೆ ಪಾಯಿಂಟರ್ (ಮೆಮೊರಿ ವಿಳಾಸ) ಹಿಡ್ಕೊಂಡೇ ಕೆಲಸ ಆಗ್ಬೇಕು, ಅಲ್ಲಿ ಅನ್‌ಸೇಫ್ ಅಂತ ಹಾಕಿದ, ಅಂದ್ರೆ ಕಂಪೈಲರ್ ಪೂರ್ತಿ ಪರೀಕ್ಷೆ ಮಾಡೋಕಾಗದ ಜಾಗದಲ್ಲಿ ಲೆಕ್ಕ ಸರಿ ಇದೆಯಾ ಅಂತ ನೋಡೋದು ಬರೆದೋರ ಜವಾಬ್ದಾರಿ. 2018ರಲ್ಲಿ ಸ್ಟ್ರಿಂಗನ್ನ ಹೇಳಿದಷ್ಟು ಸಲ ಜೋಡಿಸೋ ರಿಪೀಟ್ ಫಂಕ್ಷನ್‌ನಲ್ಲಿ ಸಿಕ್ಕಿದ್ದು ಇಂಥದ್ದೇ. ಸ್ಟ್ರಿಂಗ್ ಉದ್ದಾನ ಎಷ್ಟು ಸಲ ಅನ್ನೋದ್ರಿಂದ ಗುಣಿಸಿ ಜಾಗ ಕೇಳ್ತಿತ್ತು, ಗುಣಲಬ್ಧ ಮಿತಿ ಮೀರಿದ್ರೆ ಸುತ್ತು ಹೊಡೆದು ಚಿಕ್ಕ ಸಂಖ್ಯೆ ಆಗಿಬಿಡೋದು, ಜಾಗ ಕಮ್ಮಿ ಸಿಗೋದು, ಮುಂದಿನ ಅನ್‌ಸೇಫ್ ಕೋಡ್ ಮಾತ್ರ ಪೂರ್ತಿ ಜಾಗ ಇದೆ ಅಂತ ನಂಬಿ ಬಫರ್ (ಸಿಕ್ಕ ಜಾಗ) ಆಚೆಗೂ ಬರೀತಿತ್ತು. ರಸ್ಟ್ 1.29.1 ಆವೃತ್ತಿಲಿ ಸರಿ ಮಾಡಿದ್ರು, ಈಗ ಗುಣಾಕಾರ ಮೀರಿದ್ರೆ ಅಲ್ಲೇ ಪ್ಯಾನಿಕ್ ಆಗುತ್ತೆ, ಅಂದ್ರೆ ಮುಂದೆ ಬರೆಯದೆ ತಪ್ಪು ಅಂತ ಹೇಳಿ ನಿಲ್ಲುತ್ತೆ. ಅನುಮಾನ ಪಡಬೇಕಾದ ಜಾಗ ಇಷ್ಟು ಚಿಕ್ಕದಾಗಿರೋದೇ ರಸ್ಟ್‌ನ ದೊಡ್ಡ ಗುಣ ಅಂತೀನಿ ನಾನು, ಹಂಗಾಗಿ ಕಲಿಯೋದು ಬಿಡಬೇಡ. ಆದ್ರೆ ಹಳೇ ಕಂಪೈಲರ್ ಇಟ್ಕೊಂಡ್ರೆ ಹಳೇ ಲೈಬ್ರರಿನೇ ನಿನ್ ಪ್ರೋಗ್ರಾಂ ಒಳಗೆ ಸೇರುತ್ತೆ, ಅಪ್‌ಡೇಟ್ ಮಾಡಿ ಮತ್ತೆ ಬಿಲ್ಡ್ ಮಾಡ್ಲೇಬೇಕು. ನೀನೇ ಅನ್‌ಸೇಫ್ ಬರೆದ್ರೆ ಇಂಥ ತಪ್ಪು ಹಿಡಿಯೋ ಮಿರಿ ಅನ್ನೋ ಟೂಲ್‌ನಲ್ಲಿ ಟೆಸ್ಟ್ ಓಡಿಸಿ ನೋಡು.