ನಿಮ್ಮ ಸ್ನಾಯು ಲೇಖನದ ಬಗ್ಗೆ

ನಮಸ್ಕಾರ,

‘ನಮ್ಮ ದೇಹದ ಮೂರು ಸ್ನಾಯುಗಳು’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ಇದರಲ್ಲಿ ಒಳ್ಳೆಯ ಸರಕಿದೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಪಟ್ಟೆಗಳಿರುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಪಟ್ಟೆ ಇಲ್ಲದ್ದು ಕೇಳುವುದಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಹೃದಯದ ಕಥೆ ಏನು? ಸೂಕ್ಷ್ಮದರ್ಶಕದಲ್ಲಿ ಅದರಲ್ಲೂ ಪಟ್ಟೆಗಳು ಕಾಣುತ್ತವೆ. ನಾವು ನಿಲ್ಲು ಅಂದರೆ ನಿಲ್ಲುತ್ತದೆಯೇ? ಮೆದುಳು ಆಜ್ಞೆ ಕೊಟ್ಟಾಗ ಹೃದಯ ಬಡಿಯುತ್ತದೆ ಎಂಬ ಸಾಲನ್ನೂ ತೆಗೆಯಿರಿ. ಬಡಿತ ಹುಟ್ಟುವುದು ಹೃದಯದಲ್ಲೇ, ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಗೋಡೆಯಲ್ಲಿರುವ ಜೀವಕೋಶಗಳ ಪುಟ್ಟ ಗುಂಪಿನಲ್ಲಿ. ನರಗಳು ಅದರ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತವೆ, ಅಷ್ಟೇ. ಕಸಿ ಮಾಡುವಾಗ ಹೃದಯದ ನರಗಳು ಕಡಿದುಹೋಗುತ್ತವೆ. ಆದರೂ ಅದು ಹೊಸ ದೇಹದಲ್ಲಿ ಬಡಿಯುತ್ತದೆ. ವೇಗ ತಗ್ಗಿಸುವ ನರದ ಹಿಡಿತ ಇಲ್ಲದ್ದರಿಂದ ಸುಮ್ನೆ ಕೂತಾಗಲೂ ಬಡಿತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಇಂಥದ್ದನ್ನು ಬಿಟ್ಟು ಬರೀ ವ್ಯಾಖ್ಯೆ ಕೊಟ್ಟರೆ ಓದುಗರಿಗೆ ಅನ್ಯಾಯ ಅಲ್ವಾ?

ಮೊದಲ ಪ್ಯಾರಾದಲ್ಲೇ ಐಚ್ಛಿಕ, ಅನೈಚ್ಛಿಕ, ರೇಖಿತ, ಅರೇಖಿತ ಎಂಬ ಪಾರಿಭಾಷಿಕ ಪದಗಳೆಲ್ಲ ಬಂದಿವೆ. ಒಂದು ಸ್ನಾಯುವಾದರೂ ಕೆಲಸ ಮಾಡುವುದು ಅಲ್ಲಿ ಕಾಣುವುದಿಲ್ಲ. ಕೊನೆಯ ಕೋಷ್ಟಕವೂ ಬೇಡ.

ನನಗೆ ತುಂಬ ಹಿಡಿಸಿದ್ದು ನಾಲ್ಕನೇ ಪ್ಯಾರಾದ ಒಂದೇ ಒಂದು ಸಾಲು: ‘ನುಂಗಿದ ತುತ್ತನ್ನು ನಡುವೆ ತಡೆಯಲಾಗುವುದಿಲ್ಲ.’ ಲೇಖನ ಇಲ್ಲಿಂದಲೇ ಶುರುವಾಗಲಿ. ತುತ್ತನ್ನು ಹಿಂದಕ್ಕೆ ತಳ್ಳುವ ನಾಲಿಗೆ ಪಟ್ಟೆ ಸ್ನಾಯು, ನಮ್ಮ ಹಿಡಿತದಲ್ಲಿದೆ. ಅನ್ನನಾಳದ ಮೇಲ್ಭಾಗದಲ್ಲೂ ಪಟ್ಟೆ ಸ್ನಾಯುವೇ, ಆದರೆ ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ನಡುವೆ ಎರಡೂ ಬೆರೆತಿವೆ. ಕೆಳಗೆ ಪೂರ್ತಿ ಪಟ್ಟೆ ಇಲ್ಲದ ನಯ ಸ್ನಾಯು, ಹೊಟ್ಟೆ, ಕರುಳಿನವರೆಗೂ ಅದೇ. ಒಂದು ತುತ್ತಿನ ದಾರಿಯಲ್ಲಿ ಎರಡು ಬಗೆಯ ಸ್ನಾಯು ಸಿಕ್ಕವು, ನಿಮ್ಮ ನಿಯಮವೂ ಮುರಿಯಿತು. ಆಮೇಲೆ ಹೃದಯಕ್ಕೆ ಬನ್ನಿ.

ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯು ವಪೆಯನ್ನು ಮರೆಯಬೇಡಿ. ಅದೂ ಪಟ್ಟೆ ಸ್ನಾಯುವೇ. ಉಸಿರು ಬಿಗಿಹಿಡಿಯಬಹುದು, ಆದರೆ ನಿದ್ದೆಯಲ್ಲಿ ಅದು ತಾನಾಗಿ ನಡೆಯುತ್ತದೆ. ರೋಮಾಂಚನವಾದಾಗ ಕೂದಲು ನಿಲ್ಲಿಸುವ ಸಣ್ಣ ನಯ ಸ್ನಾಯುವಿಗೂ ಒಂದು ಸಾಲು ಕೊಡಿ.

ಮೂರೂ ಅಂಗಾಂಶಗಳ ಚಿತ್ರ ನಾವೇ ಬರೆಸುತ್ತೇವೆ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.