ಎಚ್-4 ವೀಸಾದಲ್ಲಿ ಹೋದ ಮಗಳು ದುಡಿಯಬಹುದೇ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಓದಿ ಕೋಲಾರದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದ ನನ್ನ ಮಗಳು ಮದುವೆಯಾದ ಮೇಲೆ ಗಂಡನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಹೋಗಿದ್ದಾಳೆ. ಅಳಿಯಂದಿರದು ಎಚ್-1ಬಿ ಉದ್ಯೋಗ ವೀಸಾ. ಸ್ವಂತ ಸಂಪಾದನೆಯಿಲ್ಲದೆ ಮಗಳು ಮಂಕಾಗಿದ್ದಾಳೆ. ಅವಳು ಅಲ್ಲಿ ಕೆಲಸಕ್ಕೆ ಸೇರಬಹುದೇ?
– ಓರ್ವ ತಾಯಿ, ಮಾಲೂರು

ಉತ್ತರ: ಎಚ್-4 ವೀಸಾ ಇದ್ದ ಮಾತ್ರಕ್ಕೆ ದುಡಿಯುವ ಹಕ್ಕು ಬರುವುದಿಲ್ಲ. 2015ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಿಯಮದಂತೆ, ಅಳಿಯಂದಿರ ಗ್ರೀನ್ ಕಾರ್ಡಿಗಾಗಿ (ಕಾಯಂ ವಾಸದ ಅನುಮತಿಗಾಗಿ) ಕಂಪನಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಕಾರಣದಿಂದ ಅವರ ಎಚ್-1ಬಿ 6 ವರ್ಷ ಮೀರಿ ವಿಸ್ತರಣೆಯಾಗಿದ್ದರೆ, ಮಗಳು ಐ-765 ನಮೂನೆಯಲ್ಲಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಅದು ಕೈಸೇರುವ ಮುನ್ನ ಮನೆಯಿಂದ ಹಪ್ಪಳ, ಉಪ್ಪಿನಕಾಯಿ ಮಾರುವುದೂ ವೀಸಾಕ್ಕೆ ತೊಡಕಾದೀತು.

ಅನುಮತಿ ಸಿಕ್ಕರೂ ನರ್ಸ್ ಆಗಲು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ಆ ರಾಜ್ಯದ ಪರವಾನಗಿ ಪಡೆಯಬೇಕು. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲದ ಕಾರಣ ತಯಾರಿಯನ್ನು ಈಗಲೇ ಆರಂಭಿಸಬಹುದು. ಆದರೆ ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಆಗಬೇಕಾದದ್ದು ಡ್ರೈವಿಂಗ್ ಲೈಸೆನ್ಸ್; ಬಸ್ಸುಗಳೇ ವಿರಳವಾದ ಆ ಊರುಗಳಲ್ಲಿ ಕಾರು ಓಡಿಸಲು ಬಾರದವರು ತರಕಾರಿಗೂ ಗಂಡನ ರಜೆಗಾಗಿ ಕಾಯಬೇಕಾಗುತ್ತದೆ, ಮಂಕಿಗೆ ಅರ್ಧ ಕಾರಣ ಅದೇ ಇದ್ದೀತು. ಪದವಿಯ ಮೌಲ್ಯಮಾಪನಕ್ಕೆ ಬೇಕಾದ ಅಂಕಪಟ್ಟಿ, ನೋಂದಣಿ ದೃಢೀಕರಣಗಳು ಇಲ್ಲಿಂದಲೇ ಹೋಗಬೇಕಾದ್ದರಿಂದ ಆ ಓಡಾಟವನ್ನು ನೀವು ವಹಿಸಿಕೊಳ್ಳಿ.