ದಿನಬಳಕೆಗೆ ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್: ಎಚ್‌ಪಿ 48ಜಿಎಕ್ಸ್ ತಗೊಳ್ಳಲೋ, ಟಿಐ-83 ಪ್ಲಸ್ ತಗೊಳ್ಳಲೋ?

ನಿಮ್ಮ ಪ್ರಶ್ನೆ ಓದಿ 2016ರಲ್ಲಿ ನಾನೇ ಕೇಳಿದ ಹಾಗಾಯಿತು. ಗ್ರಾಫ್ ಬಿಡಿಸಿ ತೋರಿಸುವ ಕ್ಯಾಲ್ಕುಲೇಟರಿನ ಇವೇ ಎರಡು ಮಾಡೆಲ್ ಹಿಡಿದುಕೊಂಡು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ನಾನು ಸುರತ್ಕಲ್ ಕಡೆ ಸರ್ವೆ ಕೆಲಸ ಮಾಡುವವನು. ಜಾಗದ ಮೂಲೆಗಳ ಲೆಕ್ಕ ದಿನಕ್ಕೆ ಐವತ್ತು ಸಲ ಮಾಡಲಿಕ್ಕೆ ಉಂಟು. ಮಳೆಯಲ್ಲಿ ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ, ಗುಂಡಿಯೇ ಬೇಕು. 48ಜಿಎಕ್ಸ್ 1993ರದ್ದು. ಹೊರದೇಶದ ಸರ್ವೆಯವರು ಕಣ್ಣಿಗೊತ್ತಿಕೊಂಡ ಮೆಷಿನ್, ಸರ್ವೆ ಲೆಕ್ಕದ ಕಾರ್ಡನ್ನೇ ಅದಕ್ಕೆ ತೂರಿಸಬಹುದು. ಮೊದಲು ಸಂಖ್ಯೆಗಳು, ಆಮೇಲೆ ಕೂಡಿಸುವ ಗುಂಡಿ. ಆರ್‌ಪಿಎನ್ ಅನ್ನುವ ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಬ್ರಾಕೆಟ್ ಬೇಕೇ ಆಗುವುದಿಲ್ಲ.

ಗಲ್ಫಿನಿಂದ ಮರಳಿದ ಒಬ್ಬರು ಕದ್ರಿಯಲ್ಲಿ ಒಂದನ್ನು ಮಾರುತ್ತಿದ್ದರು. 3,500 ರೂಪಾಯಿ. ಹೋದೆ, ಆನ್ ಮಾಡಿದೆ, ಸೈನ್ ಎಕ್ಸ್ ಗ್ರಾಫ್ ಬಿಡಿಸಿದೆ. ಪರದೆಯಲ್ಲಿ ಒಂದು ಗೆರೆಯೂ ಮಾಸಿರಲಿಲ್ಲ. ಗುಂಡಿಗಳೂ ಚೆನ್ನಾಗಿದ್ದವು. ಹಣ ಕೊಟ್ಟು ಬಂದೆ.

ಸೆಲ್ಲಿನ ಮುಚ್ಚಳ ತೆಗೆದು ನೋಡಲಿಲ್ಲ. ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಬೇಕು. ನಾನು ಹೋಗುವ ಮೊದಲೇ ಅವರು ಹೊಸ ಸೆಲ್ ಹಾಕಿಟ್ಟಿದ್ದರು. ಮೆಷಿನ್ ಓಡುತ್ತಿತ್ತು, ಹಾಗಾಗಿ ಹಿಂದೆ ತಿರುಗಿಸಬೇಕು ಅಂತಲೇ ನನಗೆ ಅನಿಸಲಿಲ್ಲ. ಅದು ಎಷ್ಟೋ ವರ್ಷ ಹಳೆಯ ಆಲ್ಕಲೈನ್ ಸೆಲ್ ಸಮೇತ ಪೆಟ್ಟಿಗೆಯಲ್ಲಿ ಬಿದ್ದಿತ್ತಂತೆ. ಆ ಸೆಲ್ ಸೋರಿದರೆ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಖಾರವಾದ ಕ್ಷಾರ. ಒಣಗಿದ ಮೇಲೆ ಬಿಳಿ ಪುಡಿಯಾಗಿ ಸುಮ್ನೆ ಕೂತಿರುತ್ತದೆ. ಒಣ ಹವೆಯ ಊರಲ್ಲಿ ಹಾಗೇ ಇರುತ್ತಿತ್ತೋ ಏನೋ. ನಮ್ಮಲ್ಲಿ ಜೂನ್ ಬಂದರೆ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಅಲ್ವಾ? ಈ ಪುಡಿಯೂ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ, ಮತ್ತೆ ಹರಿಯುತ್ತದೆ, ತಾಮ್ರದ ಗೆರೆ ಸಿಕ್ಕಿದರೆ ತಿನ್ನುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಮೆಷಿನ್ ಸತ್ತಿತು. ಆಗ ಮುಚ್ಚಳ ತೆಗೆದರೆ ಸ್ಪ್ರಿಂಗ್ ಬುಡದಲ್ಲಿ ಹಸಿರು.

ರಿಪೇರಿಯವರ ಹತ್ತಿರ ಒಯ್ದೆ. ಎಚ್‌ಪಿ 48ಕ್ಕೆ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಕರಗಿಸಿ ಎರಡು ಭಾಗ ಕೂಡಿಸಿದ್ದಾರೆ. ಬಿಚ್ಚುವಾಗ ಚೌಕಟ್ಟು ಸೀಳಿತು. ಅವರದೇನೂ ತಪ್ಪಿಲ್ಲ.

ಹಾಗಾಗಿ ಯಾವ ಮಾಡೆಲ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ ಮಾರಾಯ್ರೇ. ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ಸೆಲ್ಲಿನ ಗೂಡು. ನಿಮ್ಮ ಸೆಲ್ ನೀವೇ ತೆಗೆದುಕೊಂಡು ಹೋಗಿ. ಅವರ ಸೆಲ್ ತೆಗೆದು ಟಾರ್ಚ್ ಬಿಟ್ಟು ಸ್ಪ್ರಿಂಗ್ ನೋಡಿ. ಸ್ಪ್ರಿಂಗ್ ತುದಿಯಲ್ಲಿ ಮಾತ್ರ ಸ್ವಲ್ಪ ಬಿಳಿ ಇದ್ದರೆ ಹತ್ತಿಗೆ ಲಿಂಬೆರಸ ಹಚ್ಚಿ ಒರೆಸಿ, ಮೇಲಿಂದ ಸ್ಪಿರಿಟ್ ಹಾಕಿದರೆ ಹೋಗುತ್ತದೆ. ಹಸಿರು ಒಳಗೆ ಇಳಿದಿದ್ದರೆ ಬಿಟ್ಟಿಗೆ ಕೊಟ್ಟರೂ ಬೇಡ.

ಎರಡೂ ಶುಭ್ರವಾಗಿದ್ದರೆ? ಟಿಐ-83 ಪ್ಲಸ್. ನಾನು ಈಗ ಬಳಸುವುದು ಅದನ್ನೇ. 1999ರಲ್ಲಿ ಬಂದ ಮಾಡೆಲ್, ರಿಮೋಟಿಗೆ ಹಾಕುವ ಟ್ರಿಪಲ್ ಎ ಸೆಲ್ ನಾಲ್ಕು ಸಾಕು. ಜೊತೆಗೆ ಒಂದು ಬಿಲ್ಲೆ ಸೆಲ್ ಉಂಟು, ಹಾಗಾಗಿ ನಾಲ್ಕನ್ನೂ ತೆಗೆದಿಟ್ಟರೂ ನೀವು ಬರೆದ ಪ್ರೋಗ್ರಾಂ ಅಳಿಯುವುದಿಲ್ಲ. ನಾಲ್ಕು ದಿನ ಕೆಲಸ ಇಲ್ಲದಿದ್ದರೆ ನಾನು ತೆಗೆದೇ ಇಡುತ್ತೇನೆ. ಸ್ಕ್ರೂ ಇದೆ, ಬಿಚ್ಚಿ ಒಳಗೂ ಒರೆಸಬಹುದು. ಒಂದೇ ಎಚ್ಚರ: ಕಾಂಟ್ರಾಸ್ಟ್ ಹೆಚ್ಚಿಸಿ ಪರದೆಯ ಉದ್ದ-ಅಡ್ಡ ಸಾಲುಗಳು ಎಲ್ಲಾದರೂ ಮಾಯವಾಗಿವೆಯಾ ನೋಡಿ. ಒಳಗಿನ ರಿಬ್ಬನ್ ಕೇಬಲ್ ಬಿಟ್ಟುಕೊಳ್ಳುವುದು ಇದರ ಹಳೆಯ ಕಾಯಿಲೆ.

ವಿಂಟೇಜ್ ಬೇಕೇ ಬೇಕು ಅಂತ ಕ್ಯಾಸಿಯೊ ಎಫ್‌ಎಕ್ಸ್-7000ಜಿ ಹುಡುಕಲಿಕ್ಕೆ ಹೋಗಬೇಡಿ. 1985ರ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಅದು, ನೋಡಲಿಕ್ಕೆ ನನಗೂ ಆಸೆ. ಆದರೆ ಅದರ ಮೆಮೊರಿ 422 ಬೈಟ್. ನಿತ್ಯದ ಕೆಲಸಕ್ಕೆ ಏನೂ ಸಾಲದು.

ನೀವು ಪ್ರಶ್ನೆಯ ಜೊತೆ ಹಾಕಿದ ಫೋಟೋ ಎರಡೂ ಮುಂಭಾಗದ್ದು. ಮುಚ್ಚಳ ತೆಗೆದ ಫೋಟೋ ಕೇಳಿ ತರಿಸಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.